ಸಾಸ್ತ್ರೆ ಗೆದ್ದಿದ್ದು ಅದೃಷ್ಟದಿಂದಲ್ಲ ಸ್ವಾಮಿ!

ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ಮಾತು ಬಂದಾಗಲೆಲ್ಲ ಈ ಕೊಂಕು ಕೇಳಿ ಕೇಳಿ ಸಾಕಾಗಿದೆ. "2008ರಲ್ಲಿ ಕಾರ್ಲೋಸ್ ಸಾಸ್ತ್ರೆ ಗೆದ್ದನಲ್ಲ, ಅದೂ ಒಂದು ಗೆಲುವಾ? ಮೂರು ವಾರ ಬೇರೆಯವರ ಬೆನ್ನ ಹಿಂದೆ ಅವಿತುಕೊಂಡಿದ್ದ, ಒಂದೇ ಒಂದು ದಿನ ಜೋರಾಗಿ ತುಳಿದ, ಹಳದಿ ಅಂಗಿ ಹಾಕ್ಕೊಂಡು ಮನೆಗೆ ಹೋದ!"

ಒಂದೇ ದಿನ ತಾನೇ? ಸರಿ, ಆ ದಿನ ಏನಾಯ್ತು ನೋಡೋಣ.

ಅದು 2008ರ ಜುಲೈ 23, ರೇಸಿನ 17ನೇ ಹಂತ. ಗಲಿಬಿಯೆ, ಕ್ರುವಾ ದ ಫೆರ್ ಎಂಬ ಎರಡು ದೈತ್ಯ ಘಟ್ಟಗಳನ್ನು ಹತ್ತಿಳಿದ ಮೇಲೆ ಕೊನೆಗೆ ಆಲ್ಪ್ ದ್ಯುಯೆ. 13.8 ಕಿ.ಮೀ. ಏರು, 21 ಹೇರ್‌ಪಿನ್ ತಿರುವು, ಸರಾಸರಿ ಶೇ. 8ರಷ್ಟು ಕಡಿದು. ಸ್ಪೇನಿನ ಸಾಸ್ತ್ರೆಗೆ ಆಗ 33 ವರ್ಷ. ಹಳದಿ ಅಂಗಿಯಲ್ಲಿದ್ದ ತನ್ನದೇ ತಂಡದ ಫ್ರಾಂಕ್ ಶ್ಲೆಕ್‌ಗಿಂತ 49 ಸೆಕೆಂಡ್ ಹಿಂದೆ, ಆಸ್ಟ್ರೇಲಿಯಾದ ಕೆಡೆಲ್ ಇವಾನ್ಸ್‌ಗಿಂತ 41 ಸೆಕೆಂಡ್ ಹಿಂದೆ. ಮೂರು ದಿನ ಕಳೆದರೆ 53 ಕಿ.ಮೀ. ಟೈಮ್ ಟ್ರಯಲ್. ಅದರಲ್ಲಿ ಇವಾನ್ಸ್ ಪಳಗಿದ ಕೈ. ಅಂದರೆ ಸಾಸ್ತ್ರೆ ಗಳಿಸೋದೆಲ್ಲ ಈ ಘಟ್ಟದಲ್ಲೇ ಗಳಿಸಬೇಕು.

ಬೇರೆಯವರಾಗಿದ್ದರೆ ಕೊನೆಯ ಮೂರು-ನಾಲ್ಕು ಕಿ.ಮೀ.ವರೆಗೆ ಕಾಯುತ್ತಿದ್ದರೇನೋ. ಈತ ಘಟ್ಟದ ಬುಡದಲ್ಲೇ ಹೊರಟುಬಿಟ್ಟ! ಅದು ಹುಚ್ಚಾಟವಲ್ಲ, ಲೆಕ್ಕಾಚಾರ. ಸಮತಟ್ಟಿನ ರಸ್ತೆಯಲ್ಲಿ ಮುಂದಿನವನ ಹಿಂದೆ ಅಂಟಿಕೊಂಡರೆ ಗಾಳಿ ತಡೆದು ಶಕ್ತಿ ಸಾಕಷ್ಟು ಉಳಿಯುತ್ತೆ. ಕಡಿದಾದ ಏರಿನಲ್ಲಿ ವೇಗ ಇಳಿಯುತ್ತೆ, ಆ ಲಾಭವೂ ಇಳಿಯುತ್ತೆ. ಅಲ್ಲಿ ಪ್ರತಿಯೊಬ್ಬನೂ ತನ್ನ ಭಾರ ತಾನೇ ಹೊರಬೇಕು. ಮೂರು ವಾರ ಉಳಿಸಿದ್ದನ್ನು ಸರಿಯಾದ ಜಾಗದಲ್ಲಿ ಖರ್ಚು ಮಾಡೋದೇ ಹಳೇ ಹುಲಿಯ ವಿದ್ಯೆ. ಇದನ್ನು ಅವಿತುಕೊಳ್ಳೋದು ಅಂತೀರಾ?

ತುದಿ ಮುಟ್ಟಿದಾಗ ಎರಡನೆಯವ 2 ನಿಮಿಷ 3 ಸೆಕೆಂಡ್ ಹಿಂದೆ, ಇವಾನ್ಸ್ 2 ನಿಮಿಷ 15 ಸೆಕೆಂಡ್ ಹಿಂದೆ.

"ತಂಡ ಗೆಲ್ಲಿಸಿತು" ಅನ್ನೋದು ಎರಡನೇ ಕೊಂಕು. ಹೌದು, ಶ್ಲೆಕ್ ಸಹೋದರರು ಸಾಸ್ತ್ರೆಯನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಇವಾನ್ಸ್ ಹಿಂದೆ ಕೂತರು. ಫ್ರಾಂಕ್ ತನ್ನ ಹಳದಿ ಅಂಗಿಯನ್ನೇ ಬಿಟ್ಟುಕೊಟ್ಟ. ಆದರೆ ಇದೇ ಸಾಸ್ತ್ರೆ ಅದೇ ತಂಡದಲ್ಲಿ ವರ್ಷಗಟ್ಟಲೆ ಇವಾನ್ ಬಾಸೋಗಾಗಿ ಬೆವರು ಸುರಿಸಿದ್ದು ಮರೆತುಹೋಯ್ತಾ? ಅಷ್ಟು ವರ್ಷ ದುಡಿದವನಿಗೆ ಒಂದು ದಿನ ತಂಡ ದುಡಿದರೆ ಅದು ಭಿಕ್ಷೆಯಲ್ಲ, ಸಲ್ಲಬೇಕಾದ ಬಾಕಿ.

"ಕೊಂತಾದೋರ್ ಇರಲಿಲ್ಲವಲ್ಲ" ಅನ್ನೋರೂ ಇದ್ದಾರೆ. ನಿಜ, ಆ ವರ್ಷ ಅವನ ತಂಡಕ್ಕೆ ಆಹ್ವಾನವೇ ಇರಲಿಲ್ಲ. ಬಂದಿದ್ದರೆ ಅವನೇ ಗೆಲ್ಲುತ್ತಿದ್ದನೋ ಏನೋ. ಆದರೆ ಬಂದವರನ್ನು ತಾನೇ ಸೋಲಿಸಬೇಕಾದ್ದು? ಬಾರದವರನ್ನು ಸೋಲಿಸೋದು ಹೇಗೆ, ನೀವೇ ಹೇಳಿಕೊಡಿ :)

ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಅದೇ ಟೂರ್‌ನಲ್ಲಿ 24ರ ಹರೆಯದ ರಿಕಾರ್ದೋ ರಿಕ್ಕೋ ಎರಡು ಹಂತ ಗೆದ್ದ. ಬೆಟ್ಟದಲ್ಲಿ ಹಾರಿದ ಹಾಗೆ ಹೋದ ಅಂತ ಎಲ್ಲರೂ ಬಾಯಿ ಬಿಟ್ಟು ನೋಡಿದರು. ಆಮೇಲೆ? 'ಸೆರಾ' ಎಂಬ ಉದ್ದೀಪನ ಮದ್ದು ಪತ್ತೆಯಾಗಿ ರೇಸಿನ ಮಧ್ಯದಲ್ಲೇ ಹೊರಬಿದ್ದ. ಮೂರನೆಯವನಾಗಿ ಪ್ಯಾರಿಸ್ ಮುಟ್ಟಿದ ಕೋಲ್ ಕೂಡ ನಂತರ ಅದೇ ಮದ್ದಿನಲ್ಲಿ ಸಿಕ್ಕಿಬಿದ್ದ. ದಿನಾ ಪಟಾಕಿ ಹೊಡೆಯುವವರೇ ಬೇಕು ಅಂತ ನಾವು ಹಟ ಹಿಡಿದರೆ ಪಟಾಕಿ ತಯಾರಿಸೋರೂ ಹುಟ್ಟಿಕೊಳ್ಳುತ್ತಾರೆ. ಮನುಷ್ಯನ ದೇಹಕ್ಕೆ ದಣಿವು ಅನ್ನೋದು ಇದೆ. ಅದನ್ನು ಒಪ್ಪಿಕೊಂಡು, ಅಳೆದು ತೂಗಿ ಆಡುವವನನ್ನು 'ಬೋರು' ಅಂತ ಜರೆಯೋದು ಯಾವ ನ್ಯಾಯ?

ಕೊನೆಗೆ ಟೈಮ್ ಟ್ರಯಲ್ ದಿನ ಇವಾನ್ಸ್ ಎಲ್ಲ ವಸೂಲಿ ಮಾಡ್ತಾನೆ ಅಂತಿದ್ದರು. 1 ನಿಮಿಷ 34 ಸೆಕೆಂಡಿನ ಅಂತರದಲ್ಲಿ ಅವನಿಗೆ ವಾಪಸ್ ಸಿಕ್ಕಿದ್ದು ಸುಮಾರು ಅರ್ಧ ನಿಮಿಷ ಅಷ್ಟೇ. ಪ್ಯಾರಿಸ್‌ನಲ್ಲಿ ಸಾಸ್ತ್ರೆ 58 ಸೆಕೆಂಡ್‌ಗಳಿಂದ ಗೆದ್ದ.

ಆ ದಿನವೂ ತುಳಿದಿದ್ದ ಅಲ್ವಾ? ಹಾಗಾದರೆ ಕನಿಷ್ಠ 'ಎರಡು ದಿನ' ಅಂತಾದರೂ ತಿದ್ದಿಕೊಳ್ಳಿ ಸ್ವಾಮಿ!