ವರದೆಗೆ ತಕ್ಕ ದೋಣಿ ಯಾವುದು?

ಸಾಗರದ ಬಳಿ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಬನವಾಸಿಯನ್ನು ಬಳಸಿ, ಹಾನಗಲ್ಲು, ಸವಣೂರುಗಳ ಸೀಮೆಯನ್ನು ಹಾದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಬೇಸಗೆಯಲ್ಲಿ ಮೊಣಕಾಲುದ್ದಕ್ಕೆ ಇಳಿಯುವ ಈ ಹೊಳೆಯೇ 2019ರ ಆಗಸ್ಟಿನಲ್ಲಿ ಉಕ್ಕಿ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಸವಣೂರಿನ ಕಡೆ ಈಚೆ ದಡದಲ್ಲಿ ಮನೆಯೂ ಆಚೆ ದಡದಲ್ಲಿ ಹೊಲವೂ ಉಳ್ಳ ಕುಟುಂಬವೊಂದು ಅಲ್ಯೂಮಿನಿಯಮ್ಮಿನ ಯಂತ್ರದೋಣಿಯನ್ನು ಕೊಳ್ಳಬಯಸಿತೆನ್ನೋಣ. ಅದರ ಮುಂದೆ ಎರಡು ಬಗೆಗಳಿವೆ. ಒಂದು, ಚಪ್ಪಟೆ ತಳದ್ದು, ತೆಳು ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ್ದು, ಎಂಜಿನ್ ಸಣ್ಣದು. ಇನ್ನೊಂದು, ಚೂಪು ತಳದ್ದು, ದಪ್ಪ ತಗಡುಗಳನ್ನು ಬೆಸೆದು ಮಾಡಿದ್ದು, ಎಂಜಿನ್ ದೊಡ್ಡದು. ನೋಟಕ್ಕೆ ಎರಡನೆಯದೇ ಅಂದ. ನಾವಾದರೋ ಮೊದಲನೆಯದರ ಪಕ್ಷ.

ಕಾರಣವನ್ನು ಆರ್ಕಿಮಿಡೀಸನ ನಿಯಮವೇ ಹೇಳುತ್ತದೆ. ದೋಣಿ ಮತ್ತು ಎಂಜಿನ್ ಸೇರಿ 200 ಕಿಲೋಗ್ರಾಂ, ಐವರು ಜನ 300 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಒಟ್ಟು 500 ಕಿಲೋಗ್ರಾಂ ತೂಕದ ದೋಣಿ 500 ಲೀಟರು ನೀರನ್ನು ಪಕ್ಕಕ್ಕೆ ಸರಿಸಬೇಕು. ಚಪ್ಪಟೆ ತಳದ ವಿಸ್ತೀರ್ಣ 4 ಚದರ ಮೀಟರಾದರೆ ಅದು ಹನ್ನೆರಡೂವರೆ ಸೆಂಟಿಮೀಟರು ಮಾತ್ರ ಮುಳುಗುತ್ತದೆ. ನೀರಿನ ಮಟ್ಟದಲ್ಲಿ ಅಷ್ಟೇ ಅಗಲವಿದ್ದು ತಳವು ಪೂರ್ಣ ತ್ರಿಕೋನಾಕಾರವಾಗಿದ್ದರೆ 25 ಸೆಂಟಿಮೀಟರು ಮುಳುಗಬೇಕಾಗುತ್ತದೆ. ನಿಜವಾದ ಚೂಪು ತಳದ ದೋಣಿ ಈ ಎರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ. ಮರಳದಿಣ್ಣೆಗಳ ಹೊಳೆಯಲ್ಲಿ ಹತ್ತು ಸೆಂಟಿಮೀಟರು ಸಣ್ಣ ಅಂತರವಲ್ಲ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತಹ, ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ನಮ್ಮ ಹರಿಗೋಲಿನ ತಳವೂ ಹೆಚ್ಚುಕಡಮೆ ಚಪ್ಪಟೆಯೇ. ಅಂಬಿಗನಿಗೆ ಈ ಲೆಕ್ಕ ಕೈಯಲ್ಲಿಯೇ ಇತ್ತು.

ಇನ್ನು ವೇಗದ ಮಾತು. 4 ಮೀಟರು ಉದ್ದದ ದೋಣಿಯು ಗಂಟೆಗೆ ಸುಮಾರು 9 ಕಿಲೋಮೀಟರು ವೇಗವನ್ನು ಮುಟ್ಟಿದೊಡನೆ, ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ತಾನೇ ಹತ್ತಬೇಕಾಗುತ್ತದೆ. ಅದನ್ನು ಮೀರಿ ನೀರಿನ ಮೇಲೆ ಜಾರುತ್ತ ಓಡಬೇಕಾದರೆ ಎಂಜಿನ್ನಿನ ಬಲವನ್ನು ಬಹಳವಾಗಿ ಹೆಚ್ಚಿಸಬೇಕು. ನೂರು ಮೀಟರು ಅಗಲದ ನೀರನ್ನು 9 ಕಿಲೋಮೀಟರಿನ ವೇಗದಲ್ಲಿ ನಲವತ್ತು ಸೆಕೆಂಡಿಗೆ ದಾಟಬಹುದು. ಇಪ್ಪತ್ತು ಸೆಕೆಂಡು ಉಳಿಸುವುದಕ್ಕಾಗಿ ವರ್ಷವೆಲ್ಲ ಪೆಟ್ರೋಲಿಗೆ ಹಣ ತೆರುವ ರೈತನು ಇರಲಾರನು.

ರಿವೆಟ್ಟೋ ಬೆಸುಗೆಯೋ ಎಂಬ ಪ್ರಶ್ನೆಯು ಇದಕ್ಕಿಂತ ಸ್ವಾರಸ್ಯವಾದುದು. ಬೆಸೆದ ದೋಣಿ ಗಟ್ಟಿ. ರಿವೆಟ್ಟುಗಳಾದರೋ ಪೆಟ್ಟು ತಿಂದು ತಿಂದು ಸಡಿಲವಾಗಿ ನೀರು ಜಿನುಗುವುದುಂಟು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಸುಗೆ ಬಿರಿದರೆ ಗತಿಯೇನು? ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಅದರ ಮೈಮೇಲಿನ ಆಕ್ಸೈಡಿನ ಪೊರೆಯು ಕರಗಬೇಕಾದರೆ 2000 ಡಿಗ್ರಿ ದಾಟಬೇಕು. ತುಕ್ಕಿನಿಂದ ಲೋಹವನ್ನು ಕಾಯುವ ಪೊರೆಯೇ ಬೆಸುಗೆಗಾರನ ವೈರಿ! ಪೊರೆಯನ್ನು ಮೊದಲು ತೆಗೆದು, ಆರ್ಗಾನ್ ಅನಿಲದ ಮರೆಯಲ್ಲಿ ಕೆಲಸ ಮಾಡಬೇಕು. ನೇಗಿಲು, ಟ್ರೇಲರು ಬೆಸೆಯುವ ಅಂಗಡಿಗಳಲ್ಲಿ ಆ ಸಲಕರಣೆ ಸಾಮಾನ್ಯವಾಗಿ ಇರುವುದಿಲ್ಲ. ಸಡಿಲವಾದ ರಿವೆಟ್ಟನ್ನಾದರೆ ಸುತ್ತಿಗೆ ಹಿಡಿಯಬಲ್ಲ ಕುಶಲಕರ್ಮಿಯು ಊರಲ್ಲಿಯೇ ಬದಲಿಸಬಲ್ಲನು. ದುರಸ್ತಿಯಾಗದೆ ಕೊಟ್ಟಿಗೆಯಲ್ಲಿ ಬಿದ್ದ ಗಟ್ಟಿ ದೋಣಿಗಿಂತ, ನೀರಿನ ಮೇಲಿರುವ ಸಾಧಾರಣ ದೋಣಿಯೇ ಮೇಲು.

ಲಿಂಗನಮಕ್ಕಿಯ ಹಿನ್ನೀರಿನಂತಹ ವಿಶಾಲ ಜಲರಾಶಿಗೆ ನಮ್ಮ ತೀರ್ಪು ಸಲ್ಲದು. ಅಲ್ಲಿ ಗಾಳಿಯು ಅಲೆಯೆಬ್ಬಿಸುತ್ತದೆ. ಚಪ್ಪಟೆ ತಳವು ಅಲೆಯ ಮೇಲೆ ರಪರಪನೆ ಬಡಿಯುತ್ತದೆ, ಚೂಪು ತಳವು ಅದನ್ನು ಸೀಳಿಕೊಂಡು ಹೋಗುತ್ತದೆ. ಅಂತೆಯೇ, ಸೆಳೆತ ಹೆಚ್ಚಿದ ಮಹಾಪೂರಕ್ಕೆ ಮನೆಯ ದೋಣಿ ಯಾವುದನ್ನೂ ಇಳಿಸಕೂಡದು. ನೀರಿನ ನೂಕುಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದು ತರಬೇತಾದ ರಕ್ಷಣಾದಳದವರ ಕೆಲಸ.

ಚಪ್ಪಟೆ ತಳಕ್ಕೆ ಒಂದು ಕಪಟವೂ ಉಂಟು. ಅದು ಮೊದಮೊದಲು ಅಲುಗುವುದಿಲ್ಲವಾದ್ದರಿಂದ ಹತ್ತುವವರಿಗೆ ಇನ್ನೊಬ್ಬರನ್ನು ಕರೆಯುವ ಧೈರ್ಯ ಬರುತ್ತದೆ. ನಮ್ಮ ಲೆಕ್ಕದ ದೋಣಿಯಲ್ಲಿ 60 ಕಿಲೋಗ್ರಾಮಿನ ಒಬ್ಬೊಬ್ಬನೂ ಅಂಚನ್ನು ಒಂದೂವರೆ ಸೆಂಟಿಮೀಟರು ಕೆಳಗಿಳಿಸುತ್ತಾನೆ. ಎಲ್ಲರೂ ಒಂದೇ ಬದಿಗೆ ಸರಿದರೆ ಆ ಬದಿಯ ಅಂಚು ನೀರಿಗೆ ತಾಗಲು ಹೊತ್ತು ಬೇಡ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡದ ಜಾತ್ರೆಯ ದಿನ ದೋಣಿಯೊಂದು ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತುದನ್ನು ವಾಚಕರು ಬಲ್ಲರು. ಅಲ್ಯೂಮಿನಿಯಂ ಹಗುರವೆಂಬ ಮಾತಿಗೂ ಮರುಳಾಗಬಾರದು. ಉಕ್ಕಿನ ಮೂರನೆಯ ಒಂದು ಪಾಲಷ್ಟೇ ತೂಗಿದರೂ ಅದು ನೀರಿಗಿಂತ 2.7 ಪಟ್ಟು ಭಾರ. ದೋಣಿಯಲ್ಲಿ ನೀರು ತುಂಬಿದರೆ ಮುಳುಗಿಯೇ ಮುಳುಗುತ್ತದೆ. ಆದುದರಿಂದ ಕೊಳ್ಳುವಾಗ ಆಸನದ ಕೆಳಗೆ ತೇಲುವ ಫೋಮು ತುಂಬಿದೆಯೇ ಎಂದು ತೆಗೆಸಿ ನೋಡತಕ್ಕದ್ದು. ಮತ್ತೊಂದು ಮಾತು: ಬುತ್ತಿಯ ಜೊತೆಗೆ ಒಯ್ಯುವ ತಾಮ್ರದ ಬಿಂದಿಗೆಯನ್ನು ಒದ್ದೆ ತಳದ ಮೇಲೆ ಇಡಬಾರದು. ಎರಡು ಲೋಹಗಳ ನಡುವೆ ನೀರು ಸೇರಿದರೆ ಅದೊಂದು ವಿದ್ಯುತ್ ಕೋಶವಾಗಿ, ಸವೆಯುವುದು ಬಿಂದಿಗೆಯಲ್ಲ, ದೋಣಿ.