ಮೊದಲು ನಮ್ಮೂರ ಡಾಕ್ಟರ ಮಾತು ಕೇಳೋಣ



ಕೂಸಿಗೆ ಕೆಮ್ಮು ಬಂದರೆ ಒಲೆ ಮೇಲಿನ ಪಲ್ಯ ಇಳಿಸಿ ದವಾಖಾನೆಗೆ ಓಡುವವರು ನಾವು. ಮಾವನವರ ಸಕ್ಕರೆ ಕಾಯಿಲೆಯ ಗುಳಿಗೆ ಇನ್ನೆರಡು ದಿನಕ್ಕೆ ಮುಗಿಯುತ್ತದೆ ಎನ್ನುವಾಗಲೇ ಯಜಮಾನರಿಗೆ ನೆನಪು ಮಾಡುವವರೂ ನಾವೇ. ಆದರೆ ನಮ್ಮದೇ ನಡ ನೋಯುತ್ತಿದ್ದರೆ? ತಿಂಗಳ ಮುಟ್ಟು ಹತ್ತು ದಿನವಾದರೂ ನಿಲ್ಲದಿದ್ದರೆ? "ಹೆಂಗಸರು ಅಂದಮ್ಯಾಲ ಇದೆಲ್ಲಾ ಇರೂದ" ಎಂದು ಮುಂದೆ ತಳ್ಳುತ್ತೇವೆ. ಹೀಗೆ ತಳ್ಳಿ ತಳ್ಳಿ, ಒಂದು ದಿನ ತಡೆಯಲಾರದಾದಾಗ ಊರ ಡಾಕ್ಟರನ್ನು ಬಿಟ್ಟು ದೂರದ ದೊಡ್ಡ ಆಸ್ಪತ್ರೆಗೆ ಹೊರಡುತ್ತೇವೆ. ಹಾನಗಲ್, ಶಿಗ್ಗಾಂವಿ, ಸವಣೂರಿನವರು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಹಿರೇಕೆರೂರಿನವರು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುತ್ತಾರೆ. ಅಲ್ಲಿ ನಮ್ಮ ಗುರುತು ಯಾರಿಗೂ ಇರುವುದಿಲ್ಲ. ನಮಗೂ ಗಾಬರಿ, ಏನು ಕೇಳಬೇಕೋ ತಿಳಿಯುವುದಿಲ್ಲ.

ಈ ಸಲ ಆ ವಿಷಯವನ್ನೇ ಮಾತಾಡೋಣ.

ನನ್ನ ಚಿಕ್ಕಮ್ಮನ ಮಗಳು ಹಾನಗಲ್ ತಾಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಆಗ ಅವಳಿಗೆ ಮೂವತ್ತನಾಲ್ಕು ವರ್ಷ, ಇಬ್ಬರು ಮಕ್ಕಳು. ಒಂದು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ಹೋಗುತ್ತಿತ್ತು. ಭತ್ತದ ಗದ್ದೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಪೇಟೆಯ ಒಂದು ಆಸ್ಪತ್ರೆಯಲ್ಲಿ ಅರ್ಧ ತಾಸಿನೊಳಗೆ ನೋಡಿ, ಗರ್ಭಚೀಲ ತೆಗೆಸಬೇಕು, ಇಲ್ಲದಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದು ಎಂದರಂತೆ. ಮನೆಯವರು ಹೊಲ ಒತ್ತಿ ಹಾಕಿ ದುಡ್ಡು ತರಲು ಸಿದ್ಧವಾದರು. ನನಗೆ ಫೋನ್ ಮಾಡಿ, "ಅಕ್ಕಾ, ಹೆಂಗೂ ಮಕ್ಕಳಾಗ್ಯಾವ, ಚೀಲ ಇಟ್ಕೊಂಡ್ ಏನ್ ಮಾಡೂದೈತಿ? ತಗಸಿದ್ರ ಕಾಟ ತಪ್ಪತೈತಿ" ಎಂದಳು.

ನಾನು ಹೇಳಿದ್ದು ಒಂದೇ ಮಾತು: "ನಾಳೆ ಒಂದು ದಿನ ತಡಿ. ಮೊದಲ ನಿಮ್ಮೂರ ಡಾಕ್ಟರ ಹತ್ರ ಹೋಗಿ ಬಾ."

ಆ ಡಾಕ್ಟರು ಇವಳ ಅತ್ತೆಯ ಬಿ.ಪಿ.ಯನ್ನೂ ಮಕ್ಕಳ ಗೋವರವನ್ನೂ ನೋಡಿದವರು. ಕಾಗದಗಳನ್ನೆಲ್ಲ ಓದಿ, "ಯವ್ವಾ, ಆಪರೇಷನ್ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ನಿನ್ನ ರಕ್ತ ನೋಡೂಣು" ಎಂದರು. ಹೆಂಗಸರಿಗೆ ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, 12 ಆದರೂ ಇರಬೇಕು. ಇವಳದು 7ಕ್ಕೆ ಇಳಿದಿತ್ತು. ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿತ್ತು. ಅದರಿಂದಲೂ ಮುಟ್ಟಿನಲ್ಲಿ ಹೆಚ್ಚು ಹೋಗಬಹುದೆಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ತಾಲೂಕು ಆಸ್ಪತ್ರೆಯ ಸ್ತ್ರೀರೋಗ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅವರು ಸ್ಕ್ಯಾನಿಂಗ್ ಮಾಡಿಸಿ, ಗರ್ಭಚೀಲದ ಬಾಯಿಯನ್ನೂ ಪರೀಕ್ಷಿಸಿ, ಅಂಥದ್ದೇನೂ ಇಲ್ಲ ಎಂದರು. ಕಬ್ಬಿಣದ ಗುಳಿಗೆ, ಥೈರಾಯ್ಡ್ ಗುಳಿಗೆ ಶುರುವಾದವು. ಆರು ತಿಂಗಳಿಗೆ ಮುಟ್ಟು ಹದಕ್ಕೆ ಬಂತು. ಚೀಲವೂ ಉಳಿಯಿತು, ಹೊಲವೂ ಉಳಿಯಿತು.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆ ಬೆಳೆದು ತೊಂದರೆ ಕೊಡುತ್ತಿದ್ದರೆ, ಯಾವ ಔಷಧಕ್ಕೂ ರಕ್ತ ನಿಲ್ಲದಿದ್ದರೆ ಆಪರೇಷನ್ ಬೇಕೇ ಬೇಕು, ತಡ ಮಾಡಬಾರದು. ಆದರೆ ಬರೀ ಬಿಳಿ ಹೋಗುವುದಕ್ಕೆ, ನಡನೋವಿಗೆ ಗರ್ಭಚೀಲ ತೆಗೆಸುವುದು ಮದ್ದಲ್ಲ. ಜೊತೆಗೆ ಅಂಡಾಶಯಗಳನ್ನೂ ಚಿಕ್ಕ ವಯಸ್ಸಿನಲ್ಲೇ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಬೇಗ ಬರುತ್ತವೆ. ಎಲುಬು ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ.

ನಮ್ಮ ಹಾವೇರಿ ಜಿಲ್ಲೆಯವರಿಗೆ ಇದು ದೂರದ ಸುದ್ದಿಯಲ್ಲ. ಬೇಡದಿದ್ದರೂ ಗರ್ಭಚೀಲ ತೆಗೆದರೆಂದು ಈ ಜಿಲ್ಲೆಯ ಎಷ್ಟೋ ಬಡ ಹೆಣ್ಣುಮಕ್ಕಳು ದೂರು ಕೊಟ್ಟು, ಬೀದಿಗಿಳಿದು ಪರಿಹಾರ ಕೇಳಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ ಮಾಡಿದ ನಿಯಮಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು. ಕೋರ್ಟು ಹೇಳಿತು, ಸರಿ. ಆದರೆ ದವಾಖಾನೆಯ ಬಾಕಿನ ಮೇಲೆ ಕುಳಿತಾಗ ಬಾಯಿ ಬಿಟ್ಟು ಕೇಳಬೇಕಾದವರು ನಾವು.

ಯಾರಾದರೂ ಆಪರೇಷನ್ ಎಂದರೆ ಈ ನಾಲ್ಕು ಮಾತು ಕೇಳಿರಿ:

1. ನನಗೆ ಇರುವ ಕಾಯಿಲೆಯ ಹೆಸರೇನು? ಕಾಗದದ ಮೇಲೆ ಬರೆದುಕೊಡುತ್ತೀರಾ?
2. ಔಷಧದಿಂದ ಗುಣವಾಗುವುದಿಲ್ಲವೇ? ಎಷ್ಟು ದಿನ ನೋಡಬಹುದು?
3. ಅಂಡಾಶಯವನ್ನೂ ತೆಗೆಯುತ್ತೀರಾ? ಯಾಕೆ?
4. ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಬರುವಷ್ಟು ಸಮಯ ಇದೆಯೇ?

ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಈಗ ಇನ್ನೊಂದು ಮಾತು. ನಮ್ಮೂರಲ್ಲೇ ಏನೇನು ಸಿಗುತ್ತದೆ ಎಂಬುದು ಗೊತ್ತಿಲ್ಲದೆಯೇ ನಾವು ಬಸ್ಸು ಹತ್ತುತ್ತೇವೆ. ನಾನು ಚಿಕ್ಕವಳಿದ್ದಾಗ ಊರ ದವಾಖಾನೆ ಎಂದರೆ ಒಂದು ಕೋಣೆ, ಒಬ್ಬ ಕಂಪೌಂಡರು, ಕಾಗದದ ಪಟ್ಟಿ ಅಂಟಿಸಿದ ಕೆಂಪು ಔಷಧದ ಬಾಟಲಿ. ಆಗ ಈ ನಾಲ್ಕೂ ತಾಲೂಕು ಧಾರವಾಡ ಜಿಲ್ಲೆಯಲ್ಲಿದ್ದವು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಈಗ ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲ ಕಡೆ ತಾಲೂಕು ಆಸ್ಪತ್ರೆ ಇದೆ. ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಅದರ ಕೆಳಗಿನ ಉಪಕೇಂದ್ರಗಳ ಗೋಡೆಯ ಮೇಲೆ ಈಗ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂಬ ಹೆಸರು ಕಾಣುತ್ತದೆ.

ಬಸುರಿಯರಿಗೆ: ಮೂರು ತಿಂಗಳು ತುಂಬುವುದರೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿರಿ. ಹೆರಿಗೆಗೆ ಮೊದಲು ಕಡಿಮೆ ಎಂದರೂ ನಾಲ್ಕು ಸಲ ತೋರಿಸಬೇಕು. ಪ್ರತಿ ತಿಂಗಳು 9ನೇ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಬಸುರಿಯರನ್ನು ಬಿಟ್ಟಿಯಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಇದೆ. ಸರಕಾರಿ ಆಸ್ಪತ್ರೆಯ ಹೆರಿಗೆಗೆ, ಸಿಜೇರಿಯನ್ ಆದರೂ, ಔಷಧ, ರಕ್ತ, ಊಟ, ಗಾಡಿ ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ. ನೋವು ಶುರುವಾದರೆ 108ಕ್ಕೆ ಫೋನ್ ಮಾಡಿರಿ.

ಕೂಸುಗಳಿಗೆ: ನಮ್ಮ ಕಡೆ ಲಸಿಕೆಯ ದಿನ ಸಾಮಾನ್ಯವಾಗಿ ಗುರುವಾರ. ನಿಮ್ಮೂರ ದಿನವನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ತಪ್ಪಿಸಬೇಡಿರಿ. ಒಂಬತ್ತು ತಿಂಗಳಿಗೆ ಗೋವರದ ಲಸಿಕೆ ಇದೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ. ಲಸಿಕೆ ಹಾಕಿಸಿದ ರಾತ್ರಿ ತುಸು ಜ್ವರ ಬಂದರೆ ಹೆದರಬೇಕಾಗಿಲ್ಲ.

ಮೂವತ್ತು ದಾಟಿದವರಿಗೆ: ಬಿ.ಪಿ., ಸಕ್ಕರೆ, ಬಾಯಿ, ಎದೆ, ಗರ್ಭಚೀಲದ ಬಾಯಿ ಇಷ್ಟನ್ನೂ ನೋಡಿ ತಪಾಸಣೆ ಮಾಡುವ ಸೌಲಭ್ಯ ಸರಕಾರಿ ಕೇಂದ್ರಗಳಲ್ಲಿದೆ. ಗರ್ಭಚೀಲದ ಬಾಯಿಗೆ ಒಂದು ದ್ರಾವಣ ಹಚ್ಚಿ ನೋಡುತ್ತಾರೆ, ಅಷ್ಟೇ. ನಾಲ್ಕೈದು ನಿಮಿಷದ ಕೆಲಸ, ಐದು ವರ್ಷಕ್ಕೊಮ್ಮೆ ಸಾಕು. ನಾಚಿಕೆಯಾದರೆ ಜೊತೆಗೆ ಸಿಸ್ಟರ್ ನಿಲ್ಲಲಿ ಎಂದು ಕೇಳಿರಿ. ಹೆದರಿ ಚೀಲ ತೆಗೆಸುವುದಕ್ಕಿಂತ ತಪಾಸಣೆ ಮಾಡಿಸಿ ಧೈರ್ಯವಾಗಿರುವುದು ಮೇಲಲ್ಲವೇ?

ಮನಸ್ಸಿಗೆ: ನಿದ್ದೆ ಬಾರದೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ಅದೂ ಕಾಯಿಲೆಯೇ. ಬಾಣಂತಿಯರಲ್ಲಿ ಇದು ಹೆಚ್ಚು. 14416 ನಂಬರಿಗೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ.

ಎರಡು ವಾರ ದಾಟಿದ ಕೆಮ್ಮಿಗೆ: ಕಫ ಪರೀಕ್ಷೆ ಮಾಡಿಸಿರಿ. ಕ್ಷಯದ ಪರೀಕ್ಷೆ, ಔಷಧ ಎರಡೂ ಬಿಟ್ಟಿ.

ಹಾಗೆಂದು ಖಾಸಗಿ ಡಾಕ್ಟರರ ಹತ್ತಿರ ಹೋಗಬೇಡಿ ಎನ್ನುತ್ತಿಲ್ಲ. ವರ್ಷಾನುಗಟ್ಟಲೆ ನಿಮ್ಮ ಮನೆತನವನ್ನು ಬಲ್ಲ ಡಾಕ್ಟರು ಪೇಟೆಯ ಒಂದು ಮೂಲೆಯಲ್ಲಿ ಕುಳಿತಿದ್ದರೆ ಅದೇ ದೊಡ್ಡ ಆಸ್ತಿ. ಯಾವುದು ಇಲ್ಲೇ ಗುಣವಾಗುತ್ತದೆ, ಯಾವುದಕ್ಕೆ ಹುಬ್ಬಳ್ಳಿಗೆ ಹೋಗಬೇಕು ಎಂದು ವಿಂಗಡಿಸಿ ಹೇಳುವವರು ಅವರು. ಆಯುಷ್ಮಾನ್ ಕಾರ್ಡ್ ಇದ್ದರೂ ಖಾಸಗಿ ಆಸ್ಪತ್ರೆಗೆ ಹೋಗಲು, ತುರ್ತು ಸಂದರ್ಭ ಬಿಟ್ಟರೆ, ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಚೀಟಿ ಬೇಕು. ಅದನ್ನೂ ಮೊದಲೇ ವಿಚಾರಿಸಿಕೊಳ್ಳಿರಿ.

ದವಾಖಾನೆಗೆ ಹೋಗುವಾಗ ಸಂತೆಯ ದಿನ ಬಿಟ್ಟು ಹೋಗಿರಿ. ಅವತ್ತು ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಡಾಕ್ಟರಿಗೂ ನಿಮ್ಮ ಮಾತು ಪೂರಾ ಕೇಳಲು ಪುರುಸೊತ್ತಿಲ್ಲ. ಹಳೆಯ ಚೀಟಿ, ರಿಪೋರ್ಟು, ತಿನ್ನುತ್ತಿರುವ ಗುಳಿಗೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಕಡೆಯ ಮುಟ್ಟಿನ ತಾರೀಖು ಬರೆದಿಟ್ಟುಕೊಳ್ಳಿರಿ. "ಒಂದು ಸೂಜಿ ಮಾಡ್ರಿ, ಸಲಾಯಿನ್ ಹಚ್ರಿ" ಎಂದು ನಾವಾಗಿ ಕೇಳುವ ಚಾಳಿ ಬಿಡೋಣ. ಸಲಾಯಿನ್ ಬಾಟಲಿಯಲ್ಲಿ ಇರುವುದು ಉಪ್ಪುನೀರು, ಅದರಿಂದ ರಕ್ತ ಹೆಚ್ಚುವುದಿಲ್ಲ.

ರಕ್ತ ಹೆಚ್ಚಿಸುವ ಕೆಲಸ ಗುಳಿಗೆಯದು ಮತ್ತು ಅಡಿಗೆಮನೆಯದು. ನುಗ್ಗೆಸೊಪ್ಪು, ಮೊಳಕೆ ಕಟ್ಟಿದ ಹೆಸರು, ಮಡಿಕೆಕಾಳು ರೊಟ್ಟಿಯ ಜೊತೆ ಇರಲಿ. ಮೇಲೆ ನಿಂಬೆಹುಳಿ ಹಿಂಡಿರಿ, ಕಬ್ಬಿಣ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅರ್ಧ ಉಪಯೋಗ ಹೋಯಿತು, ಒಂದು ತಾಸು ತಡೆಯಿರಿ. ಕಬ್ಬಿಣದ ಗುಳಿಗೆ ತಿಂದಾಗ ಸಂಡಾಸು ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬೇಡಿರಿ. ಬಿ.ಪಿ. ಇದ್ದವರು ಮಾತ್ರ ಸವಣೂರು ಖಾರದ ಪೊಟ್ಟಣ ಮಕ್ಕಳಿಗೆ ಬಿಟ್ಟುಕೊಡಿರಿ. ಅದರಲ್ಲಿರುವ ಉಪ್ಪು ನಿಮಗೆ ಆಗದು.

ಮೊನ್ನೆ ಜಾತ್ರೆಗೆ ಹೋದಾಗ ಆ ತಂಗಿ ಸಿಕ್ಕಿದ್ದಳು. ತಲೆಯ ಮೇಲೆ ಬುಟ್ಟಿ ಹೊತ್ತು ನನಗಿಂತ ಮುಂದೆ ನಡೆದಳು. "ಅಕ್ಕಾ, ಈಗ ನಾಕು ಮಂದಿ ನನ್ನ ಕೇಳಾಕ ಬರ್ತಾರ. ಮೊದಲ ನಮ್ಮೂರ ಡಾಕ್ಟರ ಹತ್ರ ಹೋಗ್ರಿ ಅಂತ ಹೇಳಿ ಕಳಸ್ತೀನಿ" ಎಂದು ನಕ್ಕಳು.

ಸೋದರಿಯರೇ, ಈ ವಾರದಲ್ಲಿ ಒಂದು ದಿನ ಮಕ್ಕಳಿಗಾಗಿ ಅಲ್ಲ, ಅತ್ತೆ-ಮಾವನಿಗಾಗಿ ಅಲ್ಲ, ನಿಮಗಾಗಿಯೇ ದವಾಖಾನೆಯ ಮೆಟ್ಟಿಲು ಹತ್ತಿರಿ. ರಕ್ತ, ಬಿ.ಪಿ., ಸಕ್ಕರೆ ಮೂರನ್ನೂ ನೋಡಿಸಿ, ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿರಿ. ಮನೆ ನಡೆಯುವುದು ನಿಮ್ಮಿಂದ. ನೀವು ಗಟ್ಟಿಯಾಗಿರಬೇಕು.