ಆಯಾಸವೋ, ಏದುಸಿರೋ?

ತೆಲುಗಿನಲ್ಲಿ ‘ಆಯಾಸಂ’ ಎಂದರೆ ಏದುಸಿರು ಎಂಬ ಅರ್ಥವೂ ಬಳಕೆಯಲ್ಲಿದೆ. ಕನ್ನಡದಲ್ಲಿ ‘ಆಯಾಸ’ ಎಂದರೆ ದಣಿವು. ತಮಿಳಿನ ‘ಇಳೈಪ್ಪು’ ಉಬ್ಬಸಕ್ಕೂ ಸಲ್ಲುತ್ತದೆ, ಮೈ ಸೊರಗುವುದಕ್ಕೂ ಸಲ್ಲುತ್ತದೆ. ಒಂದೇ ಭಾಷೆಯ ಊರಿನಲ್ಲಿ ಇಂಥ ವ್ಯತ್ಯಾಸಗಳು ನಿಘಂಟುಕಾರರ ಕುತೂಹಲವಾಗಿ ಉಳಿದಾವು. ಮೂರು ಭಾಷೆಗಳೂ ಒಂದೇ ಬೀದಿಯಲ್ಲಿ ಓಡಾಡುವ ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲದ ಸೀಮೆಯಲ್ಲಿ ಇವು ಆಸ್ಪತ್ರೆಯ ಮಾತೂ ಆಗುತ್ತವೆ. ‘ಮಗನಿಗೆ ರಾತ್ರಿ ಹೊತ್ತು ಆಯಾಸ’ ಎಂದು ಕನ್ನಡದ ತಾಯಿ ಹೇಳಿದರೆ, ಕೇಳುವವರ ಮನೆಮಾತು ಯಾವುದೆಂಬುದರ ಮೇಲೆ ಆ ದೂರಿನ ಅರ್ಥ ನಿಲ್ಲುತ್ತದೆ. ಒಬ್ಬರು ಎದೆಗೆ ಸ್ಟೆತಾಸ್ಕೋಪು ಇಡುತ್ತಾರೆ. ಇನ್ನೊಬ್ಬರು ರಕ್ತಹೀನತೆಯ ಪರೀಕ್ಷೆ ಬರೆಯುತ್ತಾರೆ.

ಚಿಕ್ಕ ಮಗುವಿನ ಉಬ್ಬಸವನ್ನು ತಾಯಿತಂದೆಯರು ಹೇಗೆ ನೋಡಿಕೊಳ್ಳಬೇಕೆಂಬುದರ ಬಗ್ಗೆ ಸಾಕಷ್ಟು ತಿಳಿವಳಿಕೆ ಹರಡಿದೆ. ಮಗ ಅಥವಾ ಮಗಳು ಇಪ್ಪತ್ತು, ಮೂವತ್ತು ದಾಟಿ, ದುಡಿಯುತ್ತಾ, ತನ್ನ ನಿರ್ಧಾರಗಳನ್ನು ತಾನೇ ಮಾಡುತ್ತಿರುವಾಗ, ಕಾರಣ ತಿಳಿಯದ ಏದುಸಿರು ಹತ್ತಿದರೆ ಹೆತ್ತವರ ಪಾಲಿನ ಕೆಲಸವೇನು? ಗಡಿಸೀಮೆಯ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಗೆ ವೈದ್ಯಕೀಯದ ಉತ್ತರದ ಜೊತೆಗೆ ಭಾಷೆಯ ಉತ್ತರವೂ ಬೇಕು. ಹೆತ್ತವರು ರೋಗಕ್ಕೆ ಹೆಸರಿಡಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಹೇಳಬಲ್ಲ ಸಾಕ್ಷಿಗಳಾಗಬೇಕು. ಆ ಸಾಕ್ಷ್ಯ ಬರವಣಿಗೆಯಲ್ಲಿ, ಎರಡು ಭಾಷೆಗಳಲ್ಲಿ ಇರಬೇಕು.

ಈ ಅಗತ್ಯ ಹುಟ್ಟಿದ್ದು ಸೀಮೆಯ ಚರಿತ್ರೆಯಿಂದ. 1956ರಲ್ಲಿ ಭಾಷಾವಾರು ರಾಜ್ಯಗಳು ರೂಪುಗೊಂಡಾಗ ಸೇಲಂ ಜಿಲ್ಲೆಯಲ್ಲಿದ್ದ ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಅದರಿಂದ ಒಡೆದು ಕೃಷ್ಣಗಿರಿ ಜಿಲ್ಲೆ ಆದವು. ಮನೆಗಳಲ್ಲಿ ಕನ್ನಡ, ತೆಲುಗು, ತಮಿಳು ಬೆರೆತೇ ಇದ್ದವು. 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ಆ ಬಳಿಕ ಶಾಲೆ ಸೇರಿದ ತಲೆಮಾರು ಈಗ ದುಡಿಮೆಯ ವಯಸ್ಸಿಗೆ ಬಂದಿದೆ. ಅನೇಕ ಮನೆಗಳಲ್ಲಿ ತಾಯಿಗೆ ಕನ್ನಡದ ಅಕ್ಷರ ಮಾತ್ರ ಗೊತ್ತು, ಇಲ್ಲವೇ ಯಾವ ಅಕ್ಷರವೂ ಗೊತ್ತಿಲ್ಲ; ಮಕ್ಕಳು ತಮಿಳು, ಇಂಗ್ಲಿಷುಗಳನ್ನು ಓದಬಲ್ಲರು. ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಔಷಧದಂಗಡಿಯಲ್ಲಿ ಮನೆಯ ಪರವಾಗಿ ಮಾತನಾಡುವವರು ಆ ಮಕ್ಕಳೇ.

ಅಂಥ ಮಗನಿಗೇ ನಡುರಾತ್ರಿ ಉಸಿರು ಕಟ್ಟಿದರೆ, ಇಡೀ ಮನೆಯ ಬಾಯಿ ಕಟ್ಟಿದಂತೆ. ತೀವ್ರ ಉಬ್ಬಸದಲ್ಲಿ ರೋಗಿ ಒಂದು ವಾಕ್ಯವನ್ನು ಪೂರ್ತಿ ಆಡಲಾರ. ಎಂದಿನಿಂದ ಹೀಗಿದೆ, ಯಾವ ಔಷಧ ಎಷ್ಟು ಬಾರಿ ತೆಗೆದುಕೊಂಡಿದ್ದಾನೆ, ಯಾವ ಮಾತ್ರೆ ಒಗ್ಗುವುದಿಲ್ಲ ಎಂದು ತುರ್ತು ವಿಭಾಗದಲ್ಲಿ ಕೇಳಿದಾಗ ಉತ್ತರಿಸಬೇಕಾದವಳು ಅಲ್ಲಿಯವರೆಗೆ ಮಗನ ಮಾತಿನ ನೆರಳಿನಲ್ಲಿದ್ದ ತಾಯಿ.

ರೋಗದ ಸ್ವಭಾವವೂ ಈ ಸಾಕ್ಷ್ಯವನ್ನು ಬೇಡುತ್ತದೆ. ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ಆದರೆ ಈ ಇಕ್ಕಟ್ಟು ಸದಾ ಒಂದೇ ಸಮನಾಗಿ ಇರುವುದಿಲ್ಲ. ರಾತ್ರಿ ಮೂರು ಗಂಟೆಗೆ ಸಿಳ್ಳೆ ಹೊಡೆದ ಎದೆ ಬೆಳಿಗ್ಗೆ ಹನ್ನೊಂದಕ್ಕೆ ಶಾಂತವಾಗಿರಬಹುದು. ಆ ಹೊತ್ತಿನಲ್ಲಿ ಮಾಡಿದ ಸ್ಪೈರೋಮೆಟ್ರಿ ಪರೀಕ್ಷೆ ಸರಿಯಾದ ಅಂಕಿಗಳನ್ನೇ ತೋರಿಸಬಹುದು. ಎಕ್ಸ್‌ರೇ ಕೂಡ ಸಾಮಾನ್ಯವಾಗಿಯೇ ಕಾಣಬಹುದು. ‘ರಿಪೋರ್ಟಿನಲ್ಲಿ ಏನೂ ಇಲ್ಲ’ ಎಂಬ ಮಾತನ್ನು ಮನೆಯವರು ‘ನಿನಗೆ ಏನೂ ಇಲ್ಲ’ ಎಂದು ತಿರುಗಿಸಿಕೊಳ್ಳುವುದು ಇಲ್ಲಿಯೇ. ಆಮೇಲಿನ ಮಾತುಗಳು ಎಲ್ಲರಿಗೂ ಗೊತ್ತಿರುವಂಥವು: ಕೆಲಸಗಳ್ಳತನ, ಮನಸ್ಸಿನ ಕಾಯಿಲೆ, ಮೊಬೈಲಿನ ಚಟ. ಬೆಳೆದ ಮಗನಾದರೆ ಆ ಮಾತು ಇನ್ನಷ್ಟು ಚುಚ್ಚುತ್ತದೆ. ಅವನು ತನ್ನ ತೊಂದರೆಯನ್ನು ಹೇಳುವುದನ್ನೇ ನಿಲ್ಲಿಸುತ್ತಾನೆ.

ಏದುಸಿರೆಲ್ಲ ಅಸ್ತಮಾ ಎಂದುಕೊಳ್ಳುವುದೂ ಇಷ್ಟೇ ತಪ್ಪು. ಚರಕಸಂಹಿತೆಯೇ ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದಾಗಿ ವಿಂಗಡಿಸಿತ್ತು. ಇಂದಿನ ಅಸ್ತಮಾಕ್ಕೆ ಹತ್ತಿರವಾದದ್ದು ಇವುಗಳಲ್ಲಿ ತಮಕ. ಇಂದಿನ ವೈದ್ಯವೂ ಹೀಗೆಯೇ ಬೇರ್ಪಡಿಸುತ್ತದೆ. ರಕ್ತಹೀನತೆ, ಹೃದಯದ ತೊಂದರೆ, ಹೊಟ್ಟೆಯ ಆಮ್ಲ ಗಂಟಲಿಗೆ ಬರುವುದು, ಆತಂಕದಿಂದ ಉಸಿರಿನ ಲಯ ತಪ್ಪುವುದು, ಇವೆಲ್ಲವೂ ಏದುಸಿರಾಗಿ ಕಾಣಿಸಿಕೊಳ್ಳಬಹುದು. ಉಸಿರನ್ನು ಒಳಗೆ ಎಳೆಯುವಾಗ ಧ್ವನಿತಂತುಗಳು ತೆರೆದಿರುವ ಬದಲು ಮುಚ್ಚಿಕೊಳ್ಳುವ ಒಂದು ತೊಂದರೆಯೂ ಇದೆ. ಅದು ಅಸ್ತಮಾದಂತೆಯೇ ತೋರುತ್ತದೆ. ಆದರೆ ಬಿಗಿತ ಗಂಟಲಿನಲ್ಲಿರುತ್ತದೆ, ಇನ್ಹೇಲರಿಗೆ ಜಗ್ಗುವುದಿಲ್ಲ, ಉಸಿರಾಟದ ಅಭ್ಯಾಸಗಳಿಂದ ಹತೋಟಿಗೆ ಬರುತ್ತದೆ. ಸದ್ದು ಉಸಿರು ಎಳೆಯುವಾಗ ಬಂದಿತೋ, ಬಿಡುವಾಗ ಬಂದಿತೋ ಎಂಬ ಒಂದು ಸೂಕ್ಷ್ಮವೇ ವೈದ್ಯರನ್ನು ಸರಿದಾರಿಗೆ ತರಬಹುದು. ಆ ಸದ್ದನ್ನು ಕೇಳಿರುವವಳು ಪಕ್ಕದ ಕೋಣೆಯ ತಾಯಿ.

ಬೆಳೆದವರ ಏದುಸಿರಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಕೆಲಸದ್ದು. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ವಸಾಹತುಗಳಲ್ಲಿ ವಾಹನ, ಬಿಡಿಭಾಗ, ಗಡಿಯಾರಗಳ ತಯಾರಿಕೆ ನಡೆಯುತ್ತದೆ; ಸುತ್ತಲಿನ ಹಳ್ಳಿಗಳಲ್ಲಿ ಪಾಲಿಹೌಸುಗಳ ಕೆಳಗೆ ಗುಲಾಬಿ ಬೆಳೆಯುತ್ತದೆ; ಕೃಷ್ಣಗಿರಿಯ ಕಡೆ ಗ್ರಾನೈಟ್ ಕಲ್ಲನ್ನು ಕಡಿದು ಉಜ್ಜುತ್ತಾರೆ. ಬಣ್ಣ ಸಿಂಪಡಿಸುವಲ್ಲಿ ಬಳಸುವ ಐಸೊಸಯನೇಟುಗಳು, ಹಿಟ್ಟಿನ ದೂಳು, ಬೆಸುಗೆಯ ಹೊಗೆ ಮೊದಲಾದವು ಅದುವರೆಗೆ ಆರೋಗ್ಯವಾಗಿದ್ದವರಲ್ಲೂ ಅಸ್ತಮಾ ಹುಟ್ಟಿಸಬಲ್ಲವು. ಕಲ್ಲಿನ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಬೇರೆಯೇ ರೋಗ. 1948ರ ಕಾರ್ಖಾನೆಗಳ ಕಾಯ್ದೆ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ವಾರದ ರಜೆಯ ದಿನ ಉಸಿರು ಹಗುರವಾಗಿ, ಪಾಳಿಗೆ ಮರಳಿದೊಡನೆ ಬಿಗಿಯುತ್ತಿದ್ದರೆ ಅದು ದೊಡ್ಡ ಸುಳಿವು. ಈ ಏರಿಳಿತ ದಿನಾಂಕದೊಂದಿಗೆ ಬರೆದಿಟ್ಟ ಹೊರತು ಕಣ್ಣಿಗೆ ಬೀಳುವುದಿಲ್ಲ.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ, 18 ವರ್ಷದೊಳಗಿನವರಲ್ಲಿ ಅಸ್ತಮಾದ ಪ್ರಮಾಣ ಶೇ 9ರಿಂದ ಶೇ 29.5ಕ್ಕೆ ಏರಿದ್ದು ಕಂಡುಬಂತು. ಅಂದಿನ ಆ ಮಕ್ಕಳು ಇಂದು ನಡುವಯಸ್ಸಿನತ್ತ ನಡೆದಿರುವ ದುಡಿಯುವ ಜನ. ಬೆಳೆದಂತೆ ಕೆಲವರಲ್ಲಿ ಉಬ್ಬಸ ಮರೆಯಾಗುತ್ತದೆ; ಮರೆಯಾದದ್ದು ಮತ್ತೆ ಬರುವುದೂ ಉಂಟು. ಆಗ ‘ಚಿಕ್ಕಂದಿನಲ್ಲಿ ಇವನಿಗೆ ಚಳಿಗಾಲದಲ್ಲಿ ಗೂರಲು ಇತ್ತು’ ಎಂದು ನೆನಪಿಸಿ ಹೇಳಬಲ್ಲವರು ಹೆತ್ತವರು ಮಾತ್ರ.

ಸಾಕ್ಷಿಯಾಗುವುದೆಂದರೆ ಮಗನ ಬದುಕನ್ನು ಮತ್ತೆ ಕೈಗೆ ತೆಗೆದುಕೊಳ್ಳುವುದೆಂದು ಅರ್ಥವಲ್ಲ. ಪ್ರಾಯಕ್ಕೆ ಬಂದವರ ದೇಹದ ಬಗೆಗಿನ ನಿರ್ಧಾರ ಅವರದೇ. ವೈದ್ಯರ ಮುಂದೆ ಮಗಳ ಮಾತನ್ನು ತಡೆದು ತಾವೇ ಉತ್ತರಿಸುವ, ಕೇಳದೆ ಕೆಲಸ ಬಿಡಿಸುವ, ಕೋಣೆಯಲ್ಲಿ ಹುಡುಕಾಡಿ ಔಷಧ ಎಣಿಸುವ ಪ್ರೀತಿ ಕಾವಲಾಗಿ ಮಾರ್ಪಡುತ್ತದೆ. ಏನನ್ನು ಬರೆದಿಡಬೇಕು, ಯಾರಿಗೆ ತೋರಿಸಬೇಕು ಎಂಬುದನ್ನು ಮಗಳೊಂದಿಗೆ ಕುಳಿತು, ಅವಳ ಉಸಿರು ಸರಿಯಿರುವ ದಿನ ತೀರ್ಮಾನಿಸಿಕೊಂಡರೆ ಎರಡೂ ಉಳಿಯುತ್ತವೆ: ಅವಳ ಸ್ವಾತಂತ್ರ್ಯವೂ, ಆಪತ್ತಿನಲ್ಲಿ ತಾಯಿಯ ಬಾಯಿಯೂ.

ಈ ಒಪ್ಪಂದಕ್ಕೆ ಅಡ್ಡ ಬರುವುದು ಮುಚ್ಚಿಡುವ ಅಭ್ಯಾಸ. ಮದುವೆಯ ಮಾತುಕತೆ ಆರಂಭವಾದೊಡನೆ ಮಗಳ ಇನ್ಹೇಲರ್ ಕಪಾಟಿನ ಒಳಗಡೆಗೆ ಸೇರುವ ಮನೆಗಳಿವೆ. ‘ಬಾಯಿಗೆ ಹೊಡೆದುಕೊಳ್ಳುವುದು ಚಟವಾಗುತ್ತದೆ’ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಮೃಗಶಿರಾ ಕಾರ್ತಿಯಂದು ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗಾಗಿ ದೂರದೂರುಗಳಿಂದ ಜನ ಸಾಲುಗಟ್ಟುತ್ತಾರೆ; ಅದರಿಂದ ಅಸ್ತಮಾ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರ ಸಿಕ್ಕಿಲ್ಲ. ಆ ಸಾಲಿನಲ್ಲಿ ನಿಂತವರ ಸಂಕಟ ನಿಜವಾದದ್ದು, ಅದನ್ನು ನಗೆಯಾಡಬೇಕಾಗಿಲ್ಲ. ಆದರೆ ದಿನದ ಔಷಧವನ್ನು ಬಿಟ್ಟು ಸಾಲಿನಲ್ಲಿ ನಿಲ್ಲುವುದು ಅಪಾಯ. ಉಸಿರಿನ ಮೂಲಕ ಅಲ್ಪ ಪ್ರಮಾಣದಲ್ಲಿ ಸೇರುವ ಸ್ಟೀರಾಯ್ಡ್ ನಾಳಗಳ ಊತವನ್ನು ಇಳಿಸುತ್ತದೆ. ಅದು ಚಟ ಹಿಡಿಸುವ ವಸ್ತುವಲ್ಲ. ತಕ್ಷಣದ ಉಪಶಮನ ಕೊಡುವ ಸಾಲ್ಬುಟಮಾಲ್ ಒಂದನ್ನೇ ನೆಚ್ಚುವ ಚಿಕಿತ್ಸೆಯನ್ನು ಅಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ‘ಜೀನಾ’ 2019ರಿಂದ ಬೆಳೆದವರಿಗೆ ಶಿಫಾರಸು ಮಾಡುವುದನ್ನು ನಿಲ್ಲಿಸಿದೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ 13. ಅಸ್ತಮಾದ ಸಾವುಗಳಲ್ಲಿ ಶೇ 40ಕ್ಕೂ ಹೆಚ್ಚು. ತಡವಾದ ಗುರುತಿಸುವಿಕೆ, ಊತ ಇಳಿಸುವ ಇನ್ಹೇಲರಿನ ಕಡಿಮೆ ಬಳಕೆ ಇದಕ್ಕೆ ಮುಖ್ಯ ಕಾರಣಗಳೆಂದು ತಜ್ಞರು ಹೇಳುತ್ತಾರೆ. ಕಪಾಟಿನಲ್ಲಿ ಅಡಗಿಸಿಟ್ಟ ಇನ್ಹೇಲರ್ ಈ ಲೆಕ್ಕದ ಒಳಗೇ ಇದೆ.

ಸೀಮೆಯಲ್ಲಿ ಆರೋಗ್ಯದ ಸೌಕರ್ಯ ಬೆಳೆದಿಲ್ಲವೆಂದಲ್ಲ. ಮನೆಬಾಗಿಲಿಗೆ ಚಿಕಿತ್ಸೆ ಒಯ್ಯುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರಕ್ತದೊತ್ತಡ, ಮಧುಮೇಹದ ಔಷಧ, ಫಿಸಿಯೋಥೆರಪಿ, ಉಪಶಾಮಕ ಆರೈಕೆಗಳನ್ನು ಮುಖ್ಯವಾಗಿಟ್ಟುಕೊಂಡು ಅದು ಹೊರಟಿತು. 2022ರ ಜನವರಿಯಲ್ಲಿ ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಯಿತು. ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ಎದೆರೋಗಗಳಿಗೆಂದೇ ರಾಜೀವ್ ಗಾಂಧಿ ಸಂಸ್ಥೆ ಇದೆ. ದಾರಿಗಳು ಇವೆ, ಎರಡು ರಾಜ್ಯಗಳ ಆಸ್ಪತ್ರೆಗಳ ನಡುವೆ ರೋಗಿಯ ಕಥೆಯನ್ನು ಒಡೆಯದಂತೆ ಹೊತ್ತು ಸಾಗಿಸುವ ಕಾಗದ ಇಲ್ಲ.

ಆ ಕಾಗದ ಒಂದೇ ಪುಟದ್ದಾದರೆ ಸಾಕು. ಒಂದು ಬದಿ ಕನ್ನಡ, ಇನ್ನೊಂದು ಬದಿ ತಮಿಳು. ತೊಂದರೆ ಶುರುವಾದ ಕಾಲ, ರಾತ್ರಿ ಎಷ್ಟು ಬಾರಿ ಎಚ್ಚರ, ಸದ್ದು ಬರುವುದು ಉಸಿರು ಎಳೆಯುವಾಗಲೋ ಬಿಡುವಾಗಲೋ, ರಜೆಯ ದಿನದ ವ್ಯತ್ಯಾಸ, ಚಳಿ, ದೂಳು, ಊದುಬತ್ತಿ, ಒಲೆಯ ಹೊಗೆ, ಪಾರ್ಥೇನಿಯಂ ಗಿಡಗಳಲ್ಲಿ ಯಾವುದು ಕೆಣಕುತ್ತದೆ, ಔಷಧಗಳ ಹೆಸರು, ಪ್ರಮಾಣ, ಒಗ್ಗದ ಮಾತ್ರೆ. ಪೀಕ್ ಫ್ಲೋ ಮೀಟರ್ ಎಂಬ ಊದುಕೊಳವೆ ಮನೆಯಲ್ಲಿದ್ದರೆ ಬೆಳಿಗ್ಗೆ, ಸಂಜೆಯ ಅಂಕಿ. ಕೊನೆಯಲ್ಲಿ, ಕಾಯದೆ 108ಕ್ಕೆ ಕರೆ ಮಾಡಬೇಕಾದ ಲಕ್ಷಣಗಳು: ವಾಕ್ಯ ಮುಗಿಸಲಾಗದಿರುವುದು, ತುಟಿ ನೀಲಿಗಟ್ಟುವುದು, ಮಂಪರು, ಇನ್ಹೇಲರಿಗೂ ಇಳಿಯದ ಬಿಗಿತ. ಸಿಳ್ಳೆಯ ಸದ್ದು ನಿಂತರೂ ಎದೆಯ ಎಳೆತ ನಿಲ್ಲದಿದ್ದರೆ ಅದು ಗುಣದ ಸೂಚನೆಯಲ್ಲ, ಹೆಚ್ಚಿನ ಅಪಾಯದ ಸೂಚನೆ.

ಹೊಸೂರಿನಲ್ಲಿ ಎಲ್ಲರಿಗೂ ತಮಿಳು ಬರುತ್ತದಲ್ಲ, ಕನ್ನಡದ ಬದಿ ಏಕೆ ಎಂದು ಕೇಳುವವರಿದ್ದಾರೆ. ಸಂತೆಯಲ್ಲಿ ಟೊಮೆಟೊ ಮಾರುವಷ್ಟು ತಮಿಳು, ನಡುರಾತ್ರಿ ಮಗನ ಎದೆಯೊಳಗಿನ ಸದ್ದನ್ನು ವಿವರಿಸುವ ತಮಿಳು, ಇವೆರಡರ ನಡುವೆ ಬಹಳ ದೂರವಿದೆ. ಗಾಬರಿಯಲ್ಲಿ ಮನುಷ್ಯರಿಗೆ ಒದಗಿಬರುವುದು ಮನೆಯ ಮಾತು. ಇದರಲ್ಲಿ ತಮಿಳಿನ ಮೇಲೆ ದೂರೇನೂ ಇಲ್ಲ. ವೈದ್ಯರು ಓದುವ ಬದಿಯಷ್ಟೇ ತಾಯಿ ಬರೆಯುವ ಬದಿಯೂ ಮುಖ್ಯ.

ಇಲ್ಲಿಯೇ ಕನ್ನಡ ಐಚ್ಛಿಕ ವಿದ್ಯಾರ್ಥಿಗಳ ಪಾಲು ಬರುತ್ತದೆ. ಉಬ್ಬಸ, ಗೂರಲು, ದಮ್ಮು, ಏದುಸಿರು, ಮೇಲುಸಿರು, ಎದೆ ಹಿಡಿತ ಎಂಬ ಮಾತುಗಳನ್ನು ಒಂದೇ ಕಾಯಿಲೆಯ ಪರ್ಯಾಯಗಳೆಂದು ನಿಘಂಟಿನಲ್ಲಿ ಒಟ್ಟಿಗೆ ಇಟ್ಟುಬಿಡುವುದು ಸುಲಭ. ಹಳಗನ್ನಡದಲ್ಲಿ ‘ಉಬ್ಬಸ’ಕ್ಕೆ ಸಂಕಟವೆಂಬ ಅರ್ಥವೂ ಇದ್ದುದನ್ನು ತರಗತಿಯಲ್ಲಿ ಓದುವವರು, ತಳಿ, ಬಾಗಲೂರುಗಳ ಮನೆಯಲ್ಲಿ ಯಾವ ಮಾತು ಯಾವ ಬಗೆಯ ಉಸಿರಿಗೆ ಸಲ್ಲುತ್ತದೆಂದು ಕೇಳಿ ಬರೆದುಕೊಳ್ಳಬಲ್ಲರು. ತಮಿಳು, ತೆಲುಗು ಬಲ್ಲ ಸಹಪಾಠಿಗಳ ಜೊತೆ ಕುಳಿತು, ವೈದ್ಯರಿಗೆ ತೋರಿಸಿ, ಒಂದು ಪುಟದ ಆ ನಮೂನೆಯನ್ನು ಸಿದ್ಧಪಡಿಸಬಲ್ಲರು. ಒಂದು ರಜೆಯ ಕ್ಷೇತ್ರಕಾರ್ಯಕ್ಕೆ ಅದು ತಕ್ಕ ವಿಷಯ. ಮುಂದೊಂದು ರಾತ್ರಿ, ಮಾತನಾಡಲಾಗದ ಮಗನ ಪಕ್ಕ ನಿಂತ ತಾಯಿಯೊಬ್ಬಳು ಆ ಪುಟವನ್ನು ತುರ್ತು ವಿಭಾಗದ ಮೇಜಿನ ಮೇಲೆ ಇಟ್ಟರೆ, ‘ಆಯಾಸ’ ಎಂಬ ಮಾತಿನ ಅರ್ಥ ಕೇಳುತ್ತಾ ಅಲ್ಲಿ ಯಾರೂ ಹೊತ್ತು ಕಳೆಯಬೇಕಾಗುವುದಿಲ್ಲ.